ಅಭ್ಯಾಸದ ಗಿಟಾರ್ ಆಂಪ್‌ನಿಂದ ಎಫೆಕ್ಟ್ ಪೆಡಲ್

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರು ಮನೆಯಲ್ಲಿ ಬಳಸುವ, ಅರ್ಧ ವಾಟ್‌ನಿಂದ ಹದಿನೈದು ವಾಟ್‌ವರೆಗಿನ ಪುಟ್ಟ ಆಂಪ್ಲಿಫೈಯರನ್ನು ಬಿಚ್ಚಿ, ಅದರ ಸರ್ಕ್ಯೂಟನ್ನು ಪೂರ್ತಿಯಾಗಿಯೋ ಒಂದು ಭಾಗವಾಗಿಯೋ ಲೋಹದ ಡಬ್ಬಿಗೆ ವರ್ಗಾಯಿಸಿ, ಕಾಲಿನಿಂದ ಒತ್ತಿ ಬಳಸುವ ಪೆಡಲ್ ಮಾಡಿಕೊಳ್ಳುವ ಕ್ರಮವಿದು. ಹೀಗೆ ತಯಾರಾದ ಪೆಡಲ್ ಗಿಟಾರಿಗೂ ದೊಡ್ಡ ಆಂಪ್‌ಗೂ ನಡುವೆ ಕೂತು, ಪುಟ್ಟ ಆಂಪ್‌ನ ಒಡೆದ ದನಿಯನ್ನು ದೊಡ್ಡ ಸ್ಪೀಕರಿಗೆ ದಾಟಿಸುತ್ತದೆ. ಅಗ್ಗದ ಆಂಪ್‌ನ ನಾದ ಸೊರಗಿದಂತೆ ಕೇಳುವುದಕ್ಕೆ ಬಹುಪಾಲು ಕಾರಣ ಅದರ ಸ್ಪೀಕರ್ ಮತ್ತು ಪೆಟ್ಟಿಗೆ. ಒಳಗಿನ ಪ್ರೀಆಂಪ್, ಅಂದರೆ ಗಿಟಾರ್ ಸಿಗ್ನಲನ್ನು ಪವರ್ ಭಾಗಕ್ಕೆ ಸಿದ್ಧಪಡಿಸುವ ಮುಂಭಾಗ, ಎಷ್ಟೋ ವೇಳೆ ಅಂಗಡಿಯಲ್ಲಿ ಮಾರುವ ಡಿಸ್ಟಾರ್ಷನ್ ಪೆಡಲ್‌ಗೆ ಸರಿಸಮವಾಗಿರುತ್ತದೆ. ಎರಡರಲ್ಲೂ ಅವೇ ಚಿಪ್‌ಗಳು, ಅವೇ ಡಯೋಡ್‌ಗಳು. ಆದ್ದರಿಂದ ಈ ಕೆಲಸದಲ್ಲಿ ನಿರ್ಣಾಯಕವಾದ ಪ್ರಶ್ನೆ ಒಂದೇ: ಸಿಗ್ನಲ್ ಸಾಗುವ ಹಾದಿಯನ್ನು ಎಲ್ಲಿ ತುಂಡರಿಸಬೇಕು? ವಿದ್ಯುತ್ ಪೂರೈಕೆ, ಹೊರಬರುವ ಸಿಗ್ನಲ್‌ನ ಮಟ್ಟ, ಡಬ್ಬಿಯ ಗಾತ್ರ, ನಾದದ ಗುಣ ಎಲ್ಲವೂ ಆ ಉತ್ತರದಿಂದಲೇ ತೀರ್ಮಾನವಾಗುತ್ತವೆ.

ಹಿನ್ನೆಲೆ

ದನಿಯನ್ನು ಒಡೆಯುವ ಫಜ್ ಪೆಡಲ್ ಹುಟ್ಟಿದ್ದೇ ಕೆಟ್ಟುಹೋದ ಮಿಕ್ಸರ್ ಚಾನೆಲ್‌ನಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣ ನಡೆದಾಗ, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರ್ ಹಾದುಹೋಗುತ್ತಿದ್ದ ಮಿಕ್ಸರ್ ಚಾನೆಲ್‌ನ ಟ್ರಾನ್ಸ್‌ಫಾರ್ಮರ್ ಕೆಟ್ಟು ದನಿ ಕರಕರನೆ ಒಡೆಯಿತು. ಆ ಒಡಕನ್ನು ಹಾಗೆಯೇ ಉಳಿಸಿಕೊಂಡು ಹಾಡು 1961ರಲ್ಲಿ ಹೊರಬಂತು. ಧ್ವನಿ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದೋಷವನ್ನು ಟ್ರಾನ್ಸಿಸ್ಟರ್‌ಗಳಿಂದ ಬೇಕೆಂದಾಗ ಹುಟ್ಟಿಸುವ ಸರ್ಕ್ಯೂಟ್ ರೂಪಿಸಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮ್ಯಾಸ್ಟ್ರೊ ಎಫ್‌ಜಡ್-1 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್‌ಫ್ಯಾಕ್ಷನ್’ ಅದನ್ನು ಮನೆಮಾತಾಗಿಸಿತು. ಅದೇ ತಂಡದ ಕೀತ್ ರಿಚರ್ಡ್ಸ್ 1968ರ ‘ಸ್ಟ್ರೀಟ್ ಫೈಟಿಂಗ್ ಮ್ಯಾನ್’ ಹಾಡಿಗೆ ಅಕೌಸ್ಟಿಕ್ ಗಿಟಾರನ್ನು ಪುಟ್ಟ ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರಿಗೆ ಅದು ತಾಳಲಾರದಷ್ಟು ಜೋರಾಗಿ ಊಡಿಸಿ, ಅದರಿಂದ ಬಂದ ಒಡಕು ದನಿಯನ್ನೇ ಬಳಸಿದರು. ಸಣ್ಣ ಉಪಕರಣವೊಂದು ತನ್ನ ಮಿತಿ ಮೀರಿದಾಗ ಕೊಡುವ ನಾದಕ್ಕೆ ದೊಡ್ಡ ಉಪಕರಣ ಕೊಡಲಾರದ ಗುಣವಿದೆ ಎಂಬುದು ಆಗಲೇ ಸಾಬೀತಾಗಿತ್ತು.

ಈ ಬಗೆಯ ಕೆಲಸದಲ್ಲಿ ಎಲ್ಲರೂ ನೆನೆಯುವ ಉದಾಹರಣೆ ಕ್ವೀನ್ ತಂಡದ ‘ಡೀಕಿ’ ಆಂಪ್. ತಂಡದ ಬೇಸ್ ವಾದಕರೂ ಎಲೆಕ್ಟ್ರಾನಿಕ್ಸ್ ಓದಿದವರೂ ಆದ ಜಾನ್ ಡೀಕನ್, 1970ರ ದಶಕದ ಆರಂಭದಲ್ಲಿ ಲಂಡನ್ನಿನ ಕಸದ ತೊಟ್ಟಿಯೊಂದರಲ್ಲಿ ಬಿದ್ದಿದ್ದ ಸರ್ಕ್ಯೂಟ್ ಬೋರ್ಡನ್ನು ಎತ್ತಿ ತಂದು, ಪುಸ್ತಕದ ಕಪಾಟಿನಲ್ಲಿಡುವಂಥ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿದರು. 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತಿದ್ದ ಅದಕ್ಕೆ ವಾಲ್ಯೂಮ್ ಗುಂಡಿಯೂ ಇರಲಿಲ್ಲ, ಟೋನ್ ಗುಂಡಿಯೂ ಇರಲಿಲ್ಲ. ಅದು ಸೂಪರ್‌ಸಾನಿಕ್ ಪಿಆರ್80 ಎಂಬ ಟ್ರಾನ್ಸಿಸ್ಟರ್ ರೇಡಿಯೊದ ಜರ್ಮೇನಿಯಂ ಆಂಪ್ಲಿಫೈಯರ್ ಭಾಗವೆಂದು ಬಹುಕಾಲದ ನಂತರ ಗುರುತಾಯಿತು. ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅದರ ಮುಂದೆ ಟ್ರೆಬಲ್ ಬೂಸ್ಟರ್ ಜೋಡಿಸಿ, 1975ರ ‘ಎ ನೈಟ್ ಅಟ್ ದಿ ಆಪೆರಾ’ ಆಲ್ಬಮ್‌ನ ‘ಗುಡ್ ಕಂಪನಿ’ಯಲ್ಲಿ ಇಡೀ ಜಾಜ್ ವಾದ್ಯವೃಂದವನ್ನೇ ಗಿಟಾರ್‌ನಿಂದ ಕಟ್ಟಿದರು. ಡೀಕಿ ಪೆಡಲ್ ಆಗಿರಲಿಲ್ಲ. ಅದರ ಸ್ವರ ಅಡಗಿದ್ದುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರಿನಲ್ಲಿ. ಬಿಚ್ಚಿ ಡಬ್ಬಿಗೆ ತುಂಬಿದರೆ ಕಳೆದುಹೋಗುವ ಗುಣವೂ ಉಂಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸುತ್ತಿತ್ತು. ಆ ಕಾಲದ ಟ್ರಾನ್ಸಿಸ್ಟರ್ ರೇಡಿಯೊಗಳ ಹಳೆಯ ಬೋರ್ಡ್ ಕೈಗೆ ಸಿಕ್ಕವರು ಎಸೆಯುವ ಮುನ್ನ ಒಮ್ಮೆ ಗಿಟಾರ್ ಜೋಡಿಸಿ ಕೇಳುವುದು ಒಳ್ಳೆಯದು. ಎರಡು ಟ್ರಾನ್ಸ್‌ಫಾರ್ಮರ್‌ಗಳ ನಡುವೆ ಟ್ರಾನ್ಸಿಸ್ಟರ್ ಜೋಡಿ ಕೂರಿಸುವ ಡೀಕಿಯ ವಿನ್ಯಾಸ ಅಂದಿನ ರೇಡಿಯೊಗಳಲ್ಲಿ ಸಾಮಾನ್ಯವಾಗಿತ್ತು.

1973ರಲ್ಲಿ ಮಾರಾಟಕ್ಕೆ ಬಂದ ಪಿಗ್‌ನೋಸ್ 7-100 ಇನ್ನೊಂದು ಮೈಲಿಗಲ್ಲು. ಬ್ಯಾಟರಿಯಲ್ಲಿ ನಡೆಯುವ ಈ ಆಂಪ್‌ಗೆ ತಯಾರಕರೇ ಪ್ರೀಆಂಪ್ ಔಟ್ ಜ್ಯಾಕ್ ಕೊಟ್ಟಿದ್ದರು, ಅಂದರೆ ಬೆಸುಗೆ ಕಡ್ಡಿ ಮುಟ್ಟದೆಯೇ ಅದು ದೊಡ್ಡ ಆಂಪ್‌ನ ಮುಂದೆ ಪೆಡಲ್‌ನಂತೆ ಕೆಲಸ ಮಾಡಬಲ್ಲದಾಗಿತ್ತು. ಬಾಸ್ಟನ್ ತಂಡದ ಗಿಟಾರ್ ವಾದಕ, ಎಂಐಟಿಯಲ್ಲಿ ಓದಿದ ಎಂಜಿನಿಯರ್ ಟಾಮ್ ಶೋಲ್ಜ್ 1982ರಲ್ಲಿ ತಂದ ರಾಕ್‌ಮ್ಯಾನ್, ಹೆಡ್‌ಫೋನ್‌ನಲ್ಲಿ ಅಭ್ಯಾಸ ಮಾಡಲೆಂದು ಹುಟ್ಟಿದ ಉಪಕರಣ. ಅದು ಸ್ಟುಡಿಯೊ ಹೊಕ್ಕು 1987ರ ಡೆಫ್ ಲೆಪರ್ಡ್ ಆಲ್ಬಮ್ ‘ಹಿಸ್ಟೀರಿಯಾ’ದ ಗಿಟಾರ್ ಸ್ವರವನ್ನೇ ರೂಪಿಸಿತು. 1988ರಲ್ಲಿ ಮಾರ್ಷಲ್ ಕಂಪನಿಯ ಗವ್ನರ್ ಪೆಡಲ್, 1989ರಲ್ಲಿ ಆಂಡ್ರ್ಯೂ ಬಾರ್ಟಾ ಅವರ ಸಾನ್ಸ್‌ಆಂಪ್ ಬಂದ ಮೇಲೆ ಆಂಪ್‌ನ ದನಿಯನ್ನು ಡಬ್ಬಿಯಲ್ಲಿ ಕೊಡುವುದೇ ಒಂದು ಉದ್ಯಮವಾಯಿತು. ಹವ್ಯಾಸಿಗಳು ಮನೆಯ ಮೇಜಿನ ಮೇಲೆ ಮಾಡುವುದು ಅದನ್ನೇ, ಕೈಯಲ್ಲಿರುವ ಹಳೆಯ ಸಾಮಾನಿನಿಂದ.

ಒಳಗೆ ಏನಿದೆ

ಅಭ್ಯಾಸದ ಆಂಪ್‌ಗಳಲ್ಲಿ ಎರಡು ಮನೆತನಗಳು. ಮೊದಲನೆಯದು ಅಂಗೈಯಗಲದ, 9 ವೋಲ್ಟ್ ಬ್ಯಾಟರಿಯವು. ಇವುಗಳಲ್ಲಿ ಅನೇಕದರ ಹೃದಯ ಎಲ್‌ಎಂ386 ಎಂಬ ಎಂಟು ಕಾಲಿನ ಚಿಪ್, ಇಲ್ಲವೇ ಅದರ ಬಂಧುಗಳಲ್ಲೊಂದು. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ರೂಪಿಸಿದ ಇದರ ಸಾಮಾನ್ಯ ಮಾದರಿಗೆ 4ರಿಂದ 12 ವೋಲ್ಟ್ ಸಾಕು. ಸುಮ್ಮನಿದ್ದಾಗ ಸುಮಾರು 4 ಮಿಲಿಆಂಪಿಯರ್ ಮಾತ್ರ ಎಳೆಯುತ್ತದೆ. ಹೊರಗಿನಿಂದ ಏನನ್ನೂ ಜೋಡಿಸದಿದ್ದರೆ ಇದು ಸಿಗ್ನಲನ್ನು 20 ಪಟ್ಟು ಹಿಗ್ಗಿಸುತ್ತದೆ. ಒಂದನೆಯ ಮತ್ತು ಎಂಟನೆಯ ಕಾಲಿನ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ಗಿಟಾರ್ ಪಿಕಪ್ ಕೊಡುವ 100 ಮಿಲಿವೋಲ್ಟ್ ಅನ್ನು 200ರಿಂದ ಗುಣಿಸಿದರೆ 20 ವೋಲ್ಟ್ ಆಗಬೇಕು. ಆದರೆ ಬ್ಯಾಟರಿಯಲ್ಲಿರುವುದೇ 9. ಉಳಿದದ್ದಕ್ಕೆ ಜಾಗವಿಲ್ಲದೆ ಅಲೆಯ ನೆತ್ತಿ ಮತ್ತು ತಳ ಚಪ್ಪಟೆಯಾಗುತ್ತವೆ. ಕಿವಿಗೆ ಫಜ್ ಎಂದು ಕೇಳುವುದು ಈ ಚಪ್ಪಟೆತನವೇ. ಇಲ್ಲಿ ಒಡೆಯುತ್ತಿರುವುದು ಪವರ್ ಚಿಪ್ ಆದ್ದರಿಂದ ಅದನ್ನು ಬಿಟ್ಟು ಪೆಡಲ್ ಮಾಡಿದರೆ ನಾದವೇ ಉಳಿಯದು.

ಎರಡನೆಯ ಮನೆತನ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, 10ರಿಂದ 15 ವಾಟ್‌ನ ಆಂಪ್‌ಗಳದು. ಇವುಗಳಲ್ಲಿ 4558 ಅಥವಾ ಟಿಎಲ್072 ತರಹದ ಆಪ್‌ಆಂಪ್ ಚಿಪ್‌ಗಳು ಮುಂದೆ, ಅವುಗಳ ಜೊತೆ ಸಿಗ್ನಲನ್ನು ಒಡೆಯುವ ಸಿಲಿಕಾನ್ ಡಯೋಡ್ ಜೋಡಿ, ಬಳಿಕ ಬೇಸ್-ಟ್ರೆಬಲ್ ಗುಂಡಿಗಳು, ವಾಲ್ಯೂಮ್, ಕೊನೆಗೆ ಟಿಡಿಎ2030 ತರಹದ ಪವರ್ ಚಿಪ್ ಇರುತ್ತದೆ. ಒಡಕು ಹುಟ್ಟುವುದು ಡಯೋಡ್‌ಗಳಲ್ಲಿ. ಪವರ್ ಚಿಪ್ ಅದನ್ನು ಹೊತ್ತು ಸ್ಪೀಕರಿಗೆ ಮುಟ್ಟಿಸುತ್ತದೆ. ಪವರ್ ಭಾಗವನ್ನು ಕಳಚಿ ಪೆಡಲ್ ಮಾಡಲು ಹೇಳಿ ಮಾಡಿಸಿದಂತಿರುವವು ಇವೇ.

ಎಲ್ಲಿ ತುಂಡರಿಸುವುದು

ಗರಗಸ ಹಿಡಿಯುವ ಮುನ್ನ ಕಿವಿಯಿಂದ ಹುಡುಕುವುದು ಸರಿಯಾದ ಕ್ರಮ. ಗಿಟಾರ್ ಕೇಬಲ್ಲಿನ ಒಂದು ತುದಿಯನ್ನು ದೊಡ್ಡ ಆಂಪ್‌ಗೆ ಹಾಕಿ, ಇನ್ನೊಂದು ತುದಿಯ ಒಳತಂತಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆದು, ಹೊರಜಾಲರಿಯನ್ನು ಪುಟ್ಟ ಆಂಪ್‌ನ ಗ್ರೌಂಡಿಗೆ ಕಚ್ಚಿಸಿದರೆ ಶೋಧಕ ತಯಾರು. ಕೆಪಾಸಿಟರ್‌ನ ತುದಿಯಿಂದ ಬೋರ್ಡ್‌ನ ಬೇರೆ ಬೇರೆ ಬಿಂದು ಮುಟ್ಟುತ್ತಾ ಹೋದಂತೆ ಎಲ್ಲಿ ನಾದ ಇಷ್ಟವಾಗುತ್ತದೆಯೋ ಅಲ್ಲೇ ತುಂಡರಿಸುವ ಜಾಗ. ಗೋಡೆಯ ವಿದ್ಯುತ್ತಿನ ಆಂಪ್‌ನಲ್ಲಿ ಮುಚ್ಚಳ ತೆಗೆದು ಹೀಗೆ ಮಾಡುವಾಗ ಟ್ರಾನ್ಸ್‌ಫಾರ್ಮರ್, ಸ್ವಿಚ್, ಫ್ಯೂಸ್‌ಗಳಲ್ಲಿ 230 ವೋಲ್ಟ್ ತೆರೆದಿರುತ್ತದೆ. ಅನುಭವವಿಲ್ಲದವರು ಈ ಹಂತವನ್ನು ಬಲ್ಲವರ ಜೊತೆಗೇ ಮಾಡಬೇಕು.

ಎರಡನೆಯ ಮನೆತನದಲ್ಲಿ ಬಹುತೇಕ ಯಾವಾಗಲೂ ಸರಿಹೋಗುವ ಜಾಗ ವಾಲ್ಯೂಮ್ ಪೊಟೆನ್ಶಿಯೋಮೀಟರ್‌ನ ನಡುಗಾಲು. ಅಲ್ಲಿ ಪ್ರೀಆಂಪ್ ಮುಗಿದಿರುತ್ತದೆ, ಪವರ್ ಚಿಪ್ ಇನ್ನೂ ಆರಂಭವಾಗಿರುವುದಿಲ್ಲ, ಮಟ್ಟ ಹೆಚ್ಚುಕಡಿಮೆ ಮಾಡುವ ಗುಂಡಿಯೂ ಸಿಕ್ಕಿಬಿಡುತ್ತದೆ. ಆದರೆ ಒಂದು ನಷ್ಟವನ್ನು ತಿಳಿದಿರಬೇಕು. ಎಷ್ಟೋ ಗಿಟಾರ್ ಆಂಪ್‌ಗಳಲ್ಲಿ ಸ್ಪೀಕರಿನ ಋಣ ತುದಿ ನೇರವಾಗಿ ಗ್ರೌಂಡಿಗೆ ಹೋಗದೆ ಅರ್ಧ ಓಮ್‌ನಷ್ಟು ಸಣ್ಣ ರೆಸಿಸ್ಟರ್ ಮೂಲಕ ಹೋಗುತ್ತದೆ. ಅಲ್ಲಿಂದ ಪವರ್ ಚಿಪ್‌ಗೆ ಹಿಮ್ಮರಳುವ ಸಿಗ್ನಲ್, ಸ್ಪೀಕರ್ ಅನುರಣಿಸುವ ಬೇಸ್ ಭಾಗವನ್ನೂ ಮೇಲಿನ ಟ್ರೆಬಲ್ ಭಾಗವನ್ನೂ ಉಬ್ಬಿಸಿ, ವಾಲ್ವ್ ಆಂಪ್‌ನ ವರ್ತನೆಯನ್ನು ಅನುಕರಿಸುತ್ತದೆ. ಪ್ರೀಆಂಪ್‌ನಲ್ಲಿ ತುಂಡರಿಸಿದಾಗ ಈ ಉಬ್ಬು ಹೋಗಿ ನಾದ ತುಸು ಚಪ್ಪಟೆ ಎನಿಸಬಹುದು. ದೊಡ್ಡ ಆಂಪ್‌ನ ಬೇಸ್ ಗುಂಡಿಯನ್ನು ಸ್ವಲ್ಪ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ.

ಮೊದಲನೆಯ ಮನೆತನದಲ್ಲಿ ಪವರ್ ಚಿಪ್ ಸಮೇತ ಎಲ್ಲವನ್ನೂ ಉಳಿಸಿಕೊಂಡು ಸ್ಪೀಕರನ್ನು ಮಾತ್ರ ತೆಗೆಯಬೇಕು. ಟ್ರಾನ್ಸಿಸ್ಟರ್ ಮತ್ತು ಚಿಪ್ ಆಂಪ್‌ಗಳು ಸ್ಪೀಕರ್ ಹೊರೆಯಿಲ್ಲದೆ ನಡೆದರೂ ಸಾಮಾನ್ಯವಾಗಿ ಸುಡುವುದಿಲ್ಲ. ಎಲ್‌ಎಂ386ರ ಐದನೆಯ ಕಾಲು ಯಾವಾಗಲೂ ಬ್ಯಾಟರಿಯ ಅರ್ಧ ವೋಲ್ಟೇಜ್‌ನಲ್ಲಿ ನಿಂತಿರುವುದರಿಂದ ಅದರ ಮುಂದೆ ಕೆಪಾಸಿಟರ್ ಇರಲೇಬೇಕು. ಆಂಪ್‌ನಲ್ಲಿ ಇದು 220 ಮೈಕ್ರೊಫ್ಯಾರಡ್ ಇದ್ದರೆ, 8 ಓಮ್ ಸ್ಪೀಕರ್ ಜೊತೆ ಸೇರಿ ಸುಮಾರು 90 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡುತ್ತದೆ. ಪೆಡಲ್‌ನಲ್ಲಿ ಹೊರೆ ಹಗುರ. ಹೊರಬರುವ 6-7 ವೋಲ್ಟ್‌ನ ತುದಿಯಿಂದ ತುದಿಯ ಅಲೆಯನ್ನು ಗಿಟಾರ್ ಮಟ್ಟಕ್ಕೆ ಇಳಿಸಲು 10 ಕಿಲೋಓಮ್ ರೆಸಿಸ್ಟರ್ ಮತ್ತು 1 ಕಿಲೋಓಮ್ ವಾಲ್ಯೂಮ್ ಪೊಟೆನ್ಶಿಯೋಮೀಟರ್ ಸರಣಿಯಲ್ಲಿ ಹಾಕಿದರೆ ಸಿಗ್ನಲ್ ಹನ್ನೊಂದನೇ ಒಂದು ಪಾಲಿಗೆ ಇಳಿಯುತ್ತದೆ. ಈ ಹೊರೆಗೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಧಾರಾಳ. 220 ಅನ್ನು ಹಾಗೆಯೇ ಬಿಟ್ಟರೆ ಹಿಂದೆ ಸೋಸಿಹೋಗುತ್ತಿದ್ದ ಬೇಸ್ ಎಲ್ಲ ನುಗ್ಗಿ ಬಂದು ಫಜ್ ಕೆಸರಾಗುತ್ತದೆ. 0.1 ಮೈಕ್ರೊಫ್ಯಾರಡ್ ಹಾಕಿದರೆ ಸುಮಾರು 150 ಹರ್ಟ್ಸ್‌ನ ಕೆಳಗಿನದು ಇಳಿದು, ಪುಟ್ಟ ಸ್ಪೀಕರಿನ ಬಿಗಿತನ ಮರಳುತ್ತದೆ. ಈ ಒಂದು ಬಿಡಿಭಾಗದ ಆಯ್ಕೆ ಪೆಡಲ್‌ನ ಸ್ವಭಾವವನ್ನು ಬೇರೆ ಯಾವುದಕ್ಕಿಂತ ಹೆಚ್ಚು ಬದಲಿಸುತ್ತದೆ. ಐದನೆಯ ಕಾಲಿನಿಂದ ಗ್ರೌಂಡಿಗೆ ಹೋಗುವ 10 ಓಮ್ ಮತ್ತು 0.047 ಮೈಕ್ರೊಫ್ಯಾರಡ್ ಜೋಡಿಯನ್ನು ಮಾತ್ರ ಕಿತ್ತುಹಾಕಬಾರದು. ಅದಿಲ್ಲದಿದ್ದರೆ ಚಿಪ್ ಕಿವಿಗೆ ಕೇಳದ ಆವರ್ತನದಲ್ಲಿ ತನ್ನಷ್ಟಕ್ಕೇ ಕಂಪಿಸತೊಡಗಬಹುದು.

ಎಲ್‌ಎಂ386ರ ಒಳಬಾಗಿಲ ಇಂಪೀಡೆನ್ಸ್ ಸುಮಾರು 50 ಕಿಲೋಓಮ್. ಗಿಟಾರ್ ಪಿಕಪ್‌ಗೆ ಇದು ತೀರ ಕಡಿಮೆ, ಟ್ರೆಬಲ್ ಮಂಕಾಗುತ್ತದೆ. ಹವ್ಯಾಸಿಗಳ ನಡುವೆ ಪ್ರಸಿದ್ಧವಾದ ‘ರೂಬಿ’ ವಿನ್ಯಾಸದಲ್ಲಿ ಇರುವಂತೆ, ಮುಂದೊಂದು ಜೆಫೆಟ್ ಟ್ರಾನ್ಸಿಸ್ಟರಿನ ಬಫರ್ ಹಾಕಿ ಒಳಬಾಗಿಲನ್ನು 1 ಮೆಗಾಓಮ್‌ಗೆ ಏರಿಸಿದರೆ ತಂತಿಯ ಹೊಳಪು ಉಳಿಯುತ್ತದೆ. ವೀಣೆ, ಪಿಟೀಲಿಗೆ ಅಂಟಿಸುವ ಪಿಯಜೊ ಕಾಂಟ್ಯಾಕ್ಟ್ ಮೈಕ್‌ಗಂತೂ ಇಂಥ ಬಫರ್ ಅನಿವಾರ್ಯ. ಅವುಗಳಲ್ಲಿ ಕಡಿಮೆ ಇಂಪೀಡೆನ್ಸ್ ನುಂಗುವುದು ಬೇಸನ್ನು.

ಎಲ್ಲ ಪುಟ್ಟ ಚಿಪ್‌ಗಳೂ ಎಲ್‌ಎಂ386ರಂತಲ್ಲ. ಟಿಡಿಎ7052ರಂಥವು ಸೇತುವೆ ಕ್ರಮದಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಸ್ಪೀಕರಿನ ಎರಡೂ ತಂತಿಗಳು ಜೀವಂತ, ಯಾವುದೂ ಗ್ರೌಂಡ್ ಅಲ್ಲ. ಅಂಥದ್ದರ ಒಂದು ತಂತಿಯನ್ನು ಔಟ್‌ಪುಟ್ ಜ್ಯಾಕ್‌ನ ಗ್ರೌಂಡಿಗೆ ಬೆಸೆದರೆ ಚಿಪ್‌ನ ಅರ್ಧಭಾಗ ಶಾರ್ಟ್ ಆದಂತೆ. ಇಂಥ ಕಡೆ ಒಂದೇ ತಂತಿಯಿಂದ ಕೆಪಾಸಿಟರ್ ಮೂಲಕ ಸಿಗ್ನಲ್ ತೆಗೆದುಕೊಂಡು, ಗ್ರೌಂಡನ್ನು ಬ್ಯಾಟರಿಯ ಋಣ ತುದಿಯಿಂದ ಪಡೆಯಬೇಕು. ಸ್ಪೀಕರಿನ ಕಪ್ಪು ತಂತಿ ಎಂದರೆ ಗ್ರೌಂಡ್ ಎಂದು ನಂಬದೆ ಮಲ್ಟಿಮೀಟರಿನಿಂದ ಪರೀಕ್ಷಿಸುವುದು ಈ ಕೆಲಸದ ಮೊದಲ ಶಿಸ್ತು.

ಏನನ್ನೂ ತುಂಡರಿಸದ ದಾರಿಯೂ ಇದೆ, ಹೆಡ್‌ಫೋನ್ ಜ್ಯಾಕ್. ಅದರಿಂದಲೇ ದೊಡ್ಡ ಆಂಪ್‌ಗೆ ಕೇಬಲ್ ಎಳೆದು ವಾಲ್ಯೂಮ್ ತಗ್ಗಿಸಿದರೆ ಪೆಡಲ್‌ನ ಕೆಲಸ ಮುಗಿಯಿತು. ಜ್ಯಾಕ್ ಸ್ಟೀರಿಯೊ ಆಗಿದ್ದರೆ ಮಾಮೂಲಿ ಮೊನೊ ಪ್ಲಗ್ ಅದರ ಒಂದು ಬದಿಯನ್ನು ಗ್ರೌಂಡಿಗೆ ಶಾರ್ಟ್ ಮಾಡುವುದರಿಂದ, ಸ್ಟೀರಿಯೊ ಪ್ಲಗ್ ಬಳಸಿ ಅದರ ತುದಿಗೆ ಮಾತ್ರ ತಂತಿ ಬೆಸೆಯಬೇಕು.

ವಿದ್ಯುತ್ ಪೂರೈಕೆ

ಬ್ಯಾಟರಿ ಆಂಪ್‌ಗಳಿಗೆ ಇದು ತೊಡಕೇ ಅಲ್ಲ. ಪೆಡಲ್ ಲೋಕದ ರೂಢಿಯೂ 9 ವೋಲ್ಟ್. ಒಂದೇ ಎಚ್ಚರ, ಪೆಡಲ್ ಅಡಾಪ್ಟರ್‌ಗಳ ಪ್ಲಗ್‌ನಲ್ಲಿ ಋಣ ನಡುವೆ, ಧನ ಹೊರಗೆ. ಬೇರೆ ಉಪಕರಣಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಸರಣಿಯಲ್ಲಿ ಒಂದು 1ಎನ್5817 ಡಯೋಡ್ ಹಾಕಿದರೆ ತಪ್ಪು ಅಡಾಪ್ಟರ್ ಸಿಕ್ಕಿಸಿದರೂ ಚಿಪ್ ಉಳಿಯುತ್ತದೆ.

ಗೋಡೆಯ ವಿದ್ಯುತ್ತಿನ ಆಂಪ್‌ಗಳ ಕತೆ ಬೇರೆ. ಅವುಗಳ ಆಪ್‌ಆಂಪ್‌ಗಳಿಗೆ ಸಾಮಾನ್ಯವಾಗಿ ಗ್ರೌಂಡಿನ ಮೇಲೆ 15, ಕೆಳಗೆ 15 ವೋಲ್ಟ್ ಸಿಗುತ್ತಿರುತ್ತದೆ. ಕಾಲಡಿಯ ಡಬ್ಬಿಯೊಳಗೆ 230 ವೋಲ್ಟ್ ಒಯ್ಯುವುದು ಸಲ್ಲದು. ಟ್ರಾನ್ಸ್‌ಫಾರ್ಮರನ್ನು ಪೂರ್ತಿ ಕಳಚಲೇಬೇಕು. ಆಮೇಲೆ ಎರಡು ದಾರಿ. ಮೊದಲನೆಯದು 9 ವೋಲ್ಟನ್ನು ಎರಡು ಸಮಾನ ರೆಸಿಸ್ಟರ್‌ಗಳಿಂದ ಅರ್ಧಕ್ಕೆ ಸೀಳಿ, ನಡುವಿನ 4.5 ವೋಲ್ಟ್‌ಗೆ 47 ಮೈಕ್ರೊಫ್ಯಾರಡ್ ಆಸರೆ ಕೊಟ್ಟು, ಅದನ್ನೇ ಹುಸಿ ಗ್ರೌಂಡ್ ಮಾಡಿಕೊಳ್ಳುವುದು. ಹೇಳಲು ಸುಲಭ, ಮುದ್ರಿತ ಬೋರ್ಡಿನ ಮೇಲೆ ಮಾಡುವುದು ಕಷ್ಟ. ಆಪ್‌ಆಂಪ್‌ಗೆ ಆಧಾರವಾಗಿರುವ ಗ್ರೌಂಡ್ ಬಿಂದುಗಳನ್ನು ಒಂದೊಂದಾಗಿ ಬೇರ್ಪಡಿಸಿ ಹುಸಿ ಗ್ರೌಂಡಿಗೆ ಸಾಗಿಸಬೇಕು, ಜ್ಯಾಕ್‌ಗಳ ಗ್ರೌಂಡನ್ನು ಮಾತ್ರ ಹಾಗೆಯೇ ಬಿಡಬೇಕು, ನಡುವಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಧನ-ಋಣ ತಿರುಗಿಬಿದ್ದಿದೆಯೇ ಎಂದು ನೋಡಬೇಕು.

ಎರಡನೆಯದು ಚಾರ್ಜ್ ಪಂಪ್ ಚಿಪ್‌ನಿಂದ 9 ವೋಲ್ಟನ್ನು ತಲೆಕೆಳಗು ಮಾಡಿ ಋಣ 9 ವೋಲ್ಟ್ ಹುಟ್ಟಿಸುವುದು. ಆಗ ಪ್ರೀಆಂಪ್‌ನ ಒಂದು ತಂತಿಯನ್ನೂ ಬದಲಿಸಬೇಕಿಲ್ಲ. ಬಹುಪಾಲು ಜನರಿಗೆ ಇದೇ ಉತ್ತಮ. ಇಂಥ ಚಿಪ್‌ಗಳಲ್ಲಿ ಮ್ಯಾಕ್ಸ್1044 10 ವೋಲ್ಟ್‌ಗಿಂತ ಹೆಚ್ಚು ತಾಳದು. ಅಗ್ಗದ ಅಡಾಪ್ಟರ್‌ಗಳು 9 ಎಂದು ಬರೆದುಕೊಂಡು ಹಗುರ ಹೊರೆಯಲ್ಲಿ 12ಕ್ಕೂ ಏರುವುದುಂಟು, ಆಗ ಅದು ಸಾಯುತ್ತದೆ. 15 ವೋಲ್ಟ್‌ವರೆಗೆ ತಾಳುವ ಎಲ್‌ಟಿ1054 ನೆಮ್ಮದಿಯ ಆಯ್ಕೆ. ಮ್ಯಾಕ್ಸ್1044 ಬಳಸುವುದೇ ಆದರೆ ಒಂದನೆಯ ಕಾಲನ್ನು ಎಂಟನೆಯದಕ್ಕೆ ಜೋಡಿಸಬೇಕು. ಇಲ್ಲದಿದ್ದರೆ ಅದರ ಆಂದೋಲಕ 5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಓಡುತ್ತಾ ದನಿಯೊಳಗೆ ಕೊರೆಯುವ ಸೀಟಿ ಸೇರಿಸುತ್ತದೆ. ಜೋಡಿಸಿದಾಗ ಆವರ್ತನ ಕಿವಿಯ ಎಲ್ಲೆ ದಾಟುತ್ತದೆ. ವೋಲ್ಟೇಜ್ ತಗ್ಗಿದರೂ ಡಯೋಡ್ ಒಡಕು ಬದಲಾಗುವುದಿಲ್ಲ, ಏಕೆಂದರೆ ಸಿಲಿಕಾನ್ ಡಯೋಡ್ 0.6 ವೋಲ್ಟ್ ಆಸುಪಾಸಿನಲ್ಲೇ ಅಲೆಯನ್ನು ಹಿಡಿದಿಡುತ್ತದೆ. ಕಡಿಮೆಯಾಗುವುದು ಕ್ಲೀನ್ ಚಾನೆಲ್‌ನ ಉಸಿರು.

ಡಬ್ಬಿ ಮತ್ತು ಸ್ವಿಚ್

ಹ್ಯಾಮಂಡ್ 1590ಬಿಬಿ ಅಳತೆಯ, ಸುಮಾರು 120 ಮಿಲಿಮೀಟರ್ ಉದ್ದ 94 ಅಗಲದ ಎರಕದ ಅಲ್ಯೂಮಿನಿಯಂ ಡಬ್ಬಿ ಹೆಚ್ಚಿನ ಬೋರ್ಡ್‌ಗಳಿಗೆ ಸಾಕು. ಲೋಹದ ಡಬ್ಬಿ ಬೇಕಿರುವುದು ಗಟ್ಟಿತನಕ್ಕಷ್ಟೇ ಅಲ್ಲ, 50 ಹರ್ಟ್ಸ್‌ನ ಗುಂಯ್‌ಗುಡುವಿಕೆಯನ್ನು ತಡೆಯಲಿಕ್ಕೂ. ಗೋಡೆ ವಿದ್ಯುತ್ತಿನ ಆಂಪ್‌ಗಳ ಬೋರ್ಡ್ ಉದ್ದವಾಗಿದ್ದು ಗುಂಡಿಗಳೆಲ್ಲ ಒಂದೇ ಸಾಲಿನಲ್ಲಿರುತ್ತವೆ. ಪವರ್ ಭಾಗವನ್ನು ಸಣ್ಣ ಗರಗಸದಿಂದ ಕೊಯ್ದು ತೆಗೆಯುವುದು ರೂಢಿಯಲ್ಲಿದೆ, ಆದರೆ ಕೊಯ್ಯುವ ಗೆರೆಯನ್ನು ದಾಟುವ ಗ್ರೌಂಡ್ ಪಟ್ಟಿಗಳನ್ನು ಮೊದಲೇ ಗುರುತಿಸಿಕೊಳ್ಳಬೇಕು.

ಪೆಡಲ್ ಆಫ್ ಆದಾಗ ಗಿಟಾರ್ ನೇರವಾಗಿ ಹಾದುಹೋಗುವಂತೆ ಮಾಡಲು ಒಂಬತ್ತು ಕಾಲಿನ, ಮೂರು ಸಾಲಿನ ಫುಟ್‌ಸ್ವಿಚ್ ಬಳಸುತ್ತಾರೆ. ಎರಡು ಸಾಲು ಸಿಗ್ನಲ್‌ಗೆ, ಮೂರನೆಯದು ಎಲ್‌ಇಡಿಗೆ. ಒಳಗೂ ಹೊರಗೂ 1 ಮೆಗಾಓಮ್ ರೆಸಿಸ್ಟರ್ ಗ್ರೌಂಡಿಗೆ ಹಾಕಿದರೆ ಒತ್ತಿದಾಗ ಬರುವ ಟಪ್ ಸದ್ದು ತಗ್ಗುತ್ತದೆ. ಎಲ್‌ಎಂ386, 4558, ಡಯೋಡ್, ಪೊಟೆನ್ಶಿಯೋಮೀಟರ್‌ನಂಥ ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳ ದಿನನಿತ್ಯದ ಸರಕು.

ಸ್ಪೀಕರ್ ಇಲ್ಲದ ನಾದ

ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗನೆ ಕುಗ್ಗುತ್ತದೆ, ಒಡಕಿನ ಜೊತೆ ಹುಟ್ಟುವ ಚುಚ್ಚುವ ಸ್ವರಾಂಶಗಳನ್ನು ಮುಚ್ಚಿಡುತ್ತದೆ. ಪೆಡಲನ್ನು ಗಿಟಾರ್ ಆಂಪ್‌ಗೆ ಜೋಡಿಸಿದರೆ ಅದರ ಸ್ಪೀಕರ್ ಈ ಕೆಲಸ ಮಾಡುತ್ತದೆ. ಮಿಕ್ಸರಿಗೋ ಕಂಪ್ಯೂಟರಿನ ಆಡಿಯೊ ಇಂಟರ್‌ಫೇಸಿಗೋ ನೇರ ಹಾಕಿದರೆ ನೊಣ ಗುಂಯ್ಗುಟ್ಟಿದಂತೆ ಕೇಳುತ್ತದೆ. ಕೊನೆಯಲ್ಲಿ 3.3 ಕಿಲೋಓಮ್ ರೆಸಿಸ್ಟರ್, ಅದರ ಬಳಿಕ ಗ್ರೌಂಡಿಗೆ 10 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿದರೆ 4.8 ಕಿಲೋಹರ್ಟ್ಸ್‌ನಿಂದ ಮೇಲೆ ಇಳಿಕೆ ಆರಂಭವಾಗುತ್ತದೆ. ಒಂದೇ ಹಂತದ ಈ ಸೋಸುವಿಕೆ ನಿಜವಾದ ಸ್ಪೀಕರಿನಷ್ಟು ಕಡಿದಾಗಿಲ್ಲ, ಎರಡು ಹಂತ ಹಾಕಿದರೆ ಹತ್ತಿರವಾಗುತ್ತದೆ.

ಯೋಗ್ಯವಲ್ಲದವು

ವಾಲ್ವ್ ಆಂಪ್ ಎಷ್ಟೇ ಪುಟ್ಟದಿರಲಿ, ಈ ಕೆಲಸಕ್ಕೆ ಎಳೆಯಬಾರದು. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಸ್ಪೀಕರ್ ಹೊರೆಯಿಲ್ಲದೆ ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಬೇರೆ ಬೇರೆ ಆಂಪ್‌ಗಳ ದನಿ ಅನುಕರಿಸುವ ಡಿಜಿಟಲ್ ಆಂಪ್‌ಗಳನ್ನು ಬಿಚ್ಚುವುದೂ ವ್ಯರ್ಥ. ಎಲ್ಲವೂ ಒಂದೇ ಪ್ರೊಸೆಸರಿನಲ್ಲಿ ನಡೆಯುವುದರಿಂದ ಬೇರ್ಪಡಿಸಲು ಪ್ರೀಆಂಪ್ ಎಂಬುದೇ ಇಲ್ಲ, ಹೆಡ್‌ಫೋನ್ ಜ್ಯಾಕ್ ಸಾಕು. ಸ್ಪ್ರಿಂಗ್ ರಿವರ್ಬ್ ಇರುವ ಆಂಪ್‌ನಿಂದ ಪೆಡಲ್ ಮಾಡುವವರು ಸ್ಪ್ರಿಂಗ್ ತೊಟ್ಟಿಯನ್ನು ಕಾಲಡಿಯ ಡಬ್ಬಿಯಲ್ಲಿಡದೆ ದೂರದಲ್ಲಿಟ್ಟು ಕೇಬಲ್ ಎಳೆಯಬೇಕು, ಇಲ್ಲವಾದರೆ ಪ್ರತಿ ಒತ್ತಿಗೂ ಸ್ಪ್ರಿಂಗ್‌ಗಳು ಗುಡುಗುತ್ತವೆ.

ಉಳಿದ ಅರ್ಧ

ಪ್ರೀಆಂಪ್ ತೆಗೆದ ಮೇಲೆ ಪವರ್ ಚಿಪ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಇರುವ ಪೆಟ್ಟಿಗೆ ಗುಜರಿಗೆ ಹೋಗಬೇಕಿಲ್ಲ. ಪವರ್ ಚಿಪ್‌ನ ಒಳಬಾಗಿಲಿಗೆ ಒಂದು ಜ್ಯಾಕ್ ಮತ್ತು ವಾಲ್ಯೂಮ್ ಗುಂಡಿ ಕೂರಿಸಿದರೆ ಅದು ಯಾವುದೇ ಪ್ರೀಆಂಪ್ ಪೆಡಲ್ ಸ್ವೀಕರಿಸುವ 10 ವಾಟ್‌ನ ಸ್ವತಂತ್ರ ಪವರ್ ಆಂಪ್ ಆಗುತ್ತದೆ. ಸ್ಪೀಕರಿನ ತಂತಿಗೂ ಜ್ಯಾಕ್ ಹಾಕಿಟ್ಟರೆ, ಹೊಸ ಪೆಡಲನ್ನು ಒಮ್ಮೆ ಅದೇ ಹಳೆಯ ಪವರ್ ಭಾಗದ ಮೂಲಕ ದೊಡ್ಡ ಹನ್ನೆರಡು ಅಂಗುಲದ ಸ್ಪೀಕರಿನಲ್ಲಿ ನುಡಿಸಿ ಕೇಳಬಹುದು. ಹಾಗೆ ಜೋಡಿಸುವಾಗ ಹೊಸ ಸ್ಪೀಕರಿನ ಇಂಪೀಡೆನ್ಸ್ ಹಳೆಯದಕ್ಕಿಂತ ಕಡಿಮೆ ಇರಬಾರದು. 8 ಓಮ್‌ನ ಜಾಗಕ್ಕೆ 4 ಓಮ್ ಹಾಕಿದರೆ ಚಿಪ್ ತನ್ನ ಪುಟ್ಟ ಹೀಟ್ ಸಿಂಕ್ ತಾಳಲಾರದಷ್ಟು ಕಾಯುತ್ತದೆ.